ಊರಿಗೆ ಬರೋಕೆ ಯಾವ ಕಾಗದ ಬೇಕು? ಇ-ವೀಸಾ, ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ, ಓಸಿಐ: ಯಾರಿಗೆ ಯಾವುದು ಸರಿ

ದಸರಾ ಮುಗಿದ ಕೂಡಲೇ ನನ್ನ ಫೋನಿಗೆ ಒಂದೇ ಬಗೆಯ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಡಿಸೆಂಬರ್ ರಜೆಗೆ ಬರ್ತಿದ್ದೇವೆ, ಈಗ ನಮ್ಮದು ಅಮೆರಿಕದ ಪಾಸ್‌ಪೋರ್ಟು, ಇ-ವೀಸಾ ಸಾಕಾ ಅಥವಾ ಓಸಿಐ (ಭಾರತ ಮೂಲದವರು ಬದುಕಿಡೀ ವೀಸಾ ಇಲ್ಲದೆ ಬಂದು ಹೋಗಲು ಕೊಡುವ ಕಾರ್ಡು) ಮಾಡಿಸಲೇಬೇಕಾ? ಮಗು ಅಲ್ಲೇ ಹುಟ್ಟಿದ್ದು, ಅದಕ್ಕೇನು ಮಾಡೋದು? ಸೊಸೆ ಜರ್ಮನಿಯವಳು, ಅವಳಿಗೆ ಯಾವುದು?

ನಮ್ಮಣ್ಣ ನ್ಯೂಜೆರ್ಸಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ಅತ್ತಿಗೆ ಅಲ್ಲೇ ಹುಟ್ಟಿ ಬೆಳೆದವರು. ಆ ಮನೆಯ ಇಂಡಿಯಾ ಕಾಗದಪತ್ರದ ಕೆಲಸವೆಲ್ಲ ಹೇಗೋ ನನ್ನ ಪಾಲಿಗೆ ಬಂತು. ಇನ್ನೊಂದು ಕಡೆ, ಮೈಸೂರಿನ ನಮ್ಮ ಮನೆಯ ಮಹಡಿಯ ಕೋಣೆಯನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತೇವೆ. ಹಾಗಾಗಿ ಇಲ್ಲಿ ಬೇರು ಇರುವವರ ಪಾಡನ್ನೂ ನೋಡಿದ್ದೇನೆ, ಮೊದಲ ಸಲ ಕಾಲಿಡುವವರ ಪಾಡನ್ನೂ ನೋಡಿದ್ದೇನೆ. ಇಬ್ಬರಿಗೂ ಒಂದೇ ಉತ್ತರ ಹೇಳೋಕಾಗಲ್ಲ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಗ್ರೀನ್ ಕಾರ್ಡ್ ಇದ್ದು, ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ದರೆ ನಿಮಗೆ ಇದ್ಯಾವುದೂ ಬೇಡ. ನೀವು ಭಾರತೀಯರು, ಸುಮ್ನೆ ಬನ್ನಿ. ಬೇರೆ ದೇಶದ ಪೌರತ್ವ ತಗೊಂಡ ದಿನವೇ ಕಥೆ ಬದಲಾಗುತ್ತದೆ. ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ. ಹಳೆಯ ಪಾಸ್‌ಪೋರ್ಟನ್ನು ಅಲ್ಲಿನ ಭಾರತದ ಕಾನ್ಸುಲೇಟಿಗೆ (ದೂತಾವಾಸ ಕಚೇರಿಗೆ) ಒಪ್ಪಿಸಿ, ಪೌರತ್ವ ಬಿಟ್ಟಿದ್ದಕ್ಕೆ ಸರ್ಟಿಫಿಕೇಟ್ ತಗೊಳ್ಳಬೇಕು. ಅವಧಿ ಇನ್ನೂ ಇದೆಯಲ್ಲ ಅಂತ ಹಳೆಯ ಪಾಸ್‌ಪೋರ್ಟ್ ಹಿಡಿದು ಬರುವುದು ಅಪರಾಧ. ದಯವಿಟ್ಟು ಹಾಗೆ ಮಾಡಬೇಡಿ.

ಯಾವುದನ್ನು ಅಳೆದು ನೋಡಬೇಕು

ಎಲ್ಲರೂ ಮೊದಲು ಕೇಳುವುದು ಫೀಸು. ನಾನು ಅದನ್ನು ಕೊನೆಗಿಡುತ್ತೇನೆ. ಮೊದಲು ನೀವೇ ಕೇಳಿಕೊಳ್ಳಬೇಕಾದ್ದು: ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಸಲ ಬರ್ತೀರಿ? ಬಂದರೆ ಎಷ್ಟು ದಿನ ಇರ್ತೀರಿ? ಮೂರು ವಾರವಾ, ಎಂಟು ತಿಂಗಳಾ? ಬಂದು ಏನು ಮಾಡ್ತೀರಿ? ನೆಂಟರ ಮನೆ, ಹಂಪಿ, ಧರ್ಮಸ್ಥಳ ಅಷ್ಟೇನಾ, ಇಲ್ಲಾ ಕೆಲಸ, ವ್ಯವಹಾರ, ಆಸ್ತಿ ಅಂತಲೂ ಇದೆಯಾ?

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ನೀವು ಮಾರನೇ ದಿನದ ವಿಮಾನ ಹತ್ತಲೇಬೇಕಾದಂಥವರು ಯಾರಾದರೂ ಇಲ್ಲಿದ್ದಾರಾ? ನನ್ನ ಮಟ್ಟಿಗೆ ಅರ್ಧ ತೀರ್ಮಾನ ಈ ಉತ್ತರದಲ್ಲೇ ಇದೆ.

ಇ-ವೀಸಾ: ಬಂದು ಹೋಗುವವರಿಗೆ

2014ರಲ್ಲಿ ಶುರುವಾದ ಈ ವ್ಯವಸ್ಥೆ ಈಗ 160ಕ್ಕೂ ಹೆಚ್ಚು ದೇಶಗಳವರಿಗೆ ಸಿಗುತ್ತದೆ. ಕಾನ್ಸುಲೇಟಿಗೆ ಅಲೆಯಬೇಕಾಗಿಲ್ಲ. ಕೂತಲ್ಲೇ ಅರ್ಜಿ ತುಂಬಿ, ಫೋಟೊ ಮತ್ತು ಪಾಸ್‌ಪೋರ್ಟಿನ ಪುಟ ಹಾಕಿ, ಕಾರ್ಡಿನಲ್ಲಿ ದುಡ್ಡು ಕಟ್ಟಿದರೆ ಒಪ್ಪಿಗೆ ಇ-ಮೇಲಿಗೆ ಬರುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ದಿನ ಸಾಕು. ಅದನ್ನು ಪ್ರಿಂಟ್ ಹಾಕಿ ತನ್ನಿ. ಬೆರಳಚ್ಚು ತಗೊಳ್ಳುವುದು ಇಲ್ಲಿಗೆ ಬಂದಿಳಿದ ಮೇಲೆ.

ಪ್ರವಾಸಿ ಇ-ವೀಸಾದಲ್ಲಿ ಮೂರು ಅಳತೆ ಇವೆ: 30 ದಿನ, ಒಂದು ವರ್ಷ, ಐದು ವರ್ಷ. ಅಮೆರಿಕದ ಪಾಸ್‌ಪೋರ್ಟಿನವರಿಗೆ 30 ದಿನದ್ದಕ್ಕೆ 25 ಡಾಲರ್, ಏಪ್ರಿಲ್‌ನಿಂದ ಜೂನ್‌ವರೆಗೆ ಬಂದರೆ 10 ಡಾಲರ್. ವರ್ಷದ್ದಕ್ಕೆ 40, ಐದು ವರ್ಷದ್ದಕ್ಕೆ 80. ಬ್ಯಾಂಕ್ ಚಾರ್ಜು ಬೇರೆ. ಫೀಸು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ.

30 ದಿನದ ವೀಸಾದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕಾಗದದ ಮೇಲೆ 'ಮುಗಿಯುವ ದಿನಾಂಕ' ಅಂತ ಅಚ್ಚಾಗಿರುತ್ತದೆ. ಅದು ನೀವು ವಾಪಸ್ ಹೋಗಬೇಕಾದ ದಿನ ಅಲ್ಲ. ಅಷ್ಟರೊಳಗೆ ದೇಶದೊಳಗೆ ಕಾಲಿಡಬೇಕು ಅಂತ ಅರ್ಥ. ನಿಮ್ಮ 30 ದಿನದ ಲೆಕ್ಕ ಬಂದಿಳಿದ ದಿನದಿಂದ. ವರ್ಷದ್ದು ಮತ್ತು ಐದು ವರ್ಷದ್ದಕ್ಕೆ ಲೆಕ್ಕ ಬೇರೆ, ಅಲ್ಲಿ ಒಪ್ಪಿಗೆ ಸಿಕ್ಕ ದಿನದಿಂದಲೇ ಗಡಿಯಾರ ಓಡುತ್ತದೆ. ಅರ್ಜಿ ಹಾಕುವ ಹೊತ್ತೂ ಬೇರೆ. 30 ದಿನದ್ದಕ್ಕೆ ಪ್ರಯಾಣಕ್ಕೆ ಒಂದು ತಿಂಗಳು ಮುಂಚಿನಿಂದ ಮಾತ್ರ ಹಾಕಬಹುದು, ಉಳಿದೆರಡಕ್ಕೆ 120 ದಿನ ಮುಂಚಿನಿಂದ.

ಐದು ವರ್ಷ ಅಂದ ಮಾತ್ರಕ್ಕೆ ಐದು ವರ್ಷ ಇಲ್ಲೇ ಕೂರುವ ಹಾಗಿಲ್ಲ. ಹೆಚ್ಚಿನ ದೇಶಗಳವರು ಒಂದು ಸಲ ಬಂದರೆ 90 ದಿನದ ಮೇಲೆ ಇರುವಂತಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಜಪಾನಿನವರಿಗೆ ಈ ಮಿತಿ 180 ದಿನ. ಪ್ರವಾಸಿ ಇ-ವೀಸಾದ ಅವಧಿಯನ್ನು ಇಲ್ಲಿಗೆ ಬಂದ ಮೇಲೆ ವಿಸ್ತರಿಸೋಕೂ ಆಗಲ್ಲ. ಇದರ ಮೇಲೆ ಸಂಬಳದ ಕೆಲಸ ಮಾಡುವಂತಿಲ್ಲ. ನೆಂಟರನ್ನು ನೋಡುವುದು, ಊರು ಸುತ್ತುವುದು, ಸಣ್ಣ ಅವಧಿಯ ಯೋಗ ಶಿಬಿರ, ಇಷ್ಟಕ್ಕೆ ಅಡ್ಡಿ ಇಲ್ಲ. ನಮ್ಮ ಮಹಡಿಗೆ ಬರುವ ಹೆಚ್ಚಿನವರು ಇದರಲ್ಲೇ ಬಂದು ಹೋಗುತ್ತಾರೆ. ವ್ಯಾಪಾರಕ್ಕೆ, ಚಿಕಿತ್ಸೆಗೆ, ಸಮ್ಮೇಳನಕ್ಕೆ ಬೇರೆಬೇರೆ ಇ-ವೀಸಾಗಳಿವೆ. ಆಪರೇಷನ್ ಮಾಡಿಸಿಕೊಳ್ಳಲು ಬರುವವರು ಪ್ರವಾಸಿ ವೀಸಾದಲ್ಲಿ ಬರಬೇಡಿ. ವೈದ್ಯಕೀಯ ಇ-ವೀಸಾ ತಗೊಂಡರೆ ಜೊತೆಗೆ ಬರುವ ಇಬ್ಬರಿಗೂ ಅದಕ್ಕೆ ತಕ್ಕ ವೀಸಾ ಸಿಗುತ್ತದೆ.

ಯಾವ ನಿಲ್ದಾಣದಲ್ಲಿ ಬೇಕಾದರೂ ಇಳಿಯುವ ಹಾಗಿಲ್ಲ, ಅದಕ್ಕೊಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಬೆಂಗಳೂರು ಇದೆ, ಮಂಗಳೂರೂ ಇದೆ. ಕರಾವಳಿಯವರು ದುಬೈನಿಂದ ನೇರ ಮಂಗಳೂರಿಗೆ ಬಂದಿಳಿಯಬಹುದು. ಹಡಗಿನಲ್ಲಿ ಬರುವವರಿಗೆ ನವಮಂಗಳೂರು ಬಂದರಿನಲ್ಲೂ ಇ-ವೀಸಾ ನಡೆಯುತ್ತದೆ.

ಈಗ ಇದರ ಕಷ್ಟ ಹೇಳುತ್ತೇನೆ. ನನ್ನ ಮಗಳ ಮದುವೆಗೆ ಅತ್ತಿಗೆ ಇ-ವೀಸಾದಲ್ಲಿ ಹೊರಟಿದ್ದರು. ಅಲ್ಲಿನ ಹೊಸ ಪಾಸ್‌ಪೋರ್ಟಿನ ನಂಬರು ಒಂದು ಅಕ್ಷರದಿಂದ ಶುರುವಾಗುತ್ತದೆ. ಅವರದರಲ್ಲಿ ಆ ಅಕ್ಷರದ ಪಕ್ಕ ಸೊನ್ನೆ ಇತ್ತು. ಅಣ್ಣ ಅವಸರದಲ್ಲಿ ಅದನ್ನು ಇಂಗ್ಲಿಷಿನ 'ಓ' ಅಂತ ಒತ್ತಿದ್ದ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಒಪ್ಪಿಗೆಯೂ ಬಂತು. ಗೊತ್ತಾದದ್ದು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ. ಮತ್ತೆ ಹೊಸ ಅರ್ಜಿ, ಮತ್ತೆ ಫೀಸು, ಹೊಸ ಟಿಕೆಟ್. ಚಪ್ಪರದ ಪೂಜೆಯೂ ಆಯ್ತು, ಅರಿಶಿನದ ಶಾಸ್ತ್ರವೂ ಆಯ್ತು, ಅತ್ತಿಗೆ ಮುಹೂರ್ತದ ಬೆಳಗ್ಗೆ ನೇರ ಛತ್ರಕ್ಕೆ ಬಂದರು. ಇವತ್ತಿಗೂ ಆ ಫೋಟೊ ಆಲ್ಬಮ್ ನೋಡುವಾಗ ನನಗೆ ಬೇಜಾರಾಗುತ್ತದೆ. ಅದಕ್ಕೇ ಹೇಳುವುದು, ಅರ್ಜಿ ತುಂಬಿದ ಮೇಲೆ ಇನ್ನೊಬ್ಬರಿಂದ ಪಾಸ್‌ಪೋರ್ಟ್ ಓದಿಸಿಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ.

ಹೆಸರಿನ ವಿಷಯದಲ್ಲಂತೂ ನಮ್ಮವರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ನಮ್ಮಲ್ಲಿ ಹಲವರಿಗೆ ಮನೆತನದ ಹೆಸರೇ ಇಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ವಿದೇಶಕ್ಕೆ ಹೋದ ಮೇಲೆ ಒಂದು ಕಡೆ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಇನ್ನೊಂದು ಕಡೆ ಊರಿನ ಹೆಸರು. ವೀಸಾ ಅರ್ಜಿಯಲ್ಲಿ ಮನೆಯಲ್ಲಿ ಏನು ಕರೆಯುತ್ತಾರೆ ಅನ್ನುವುದು ಬೇಡ, ಈಗಿನ ಪಾಸ್‌ಪೋರ್ಟಿನಲ್ಲಿ ಯಾವ ಕಾಲಂನಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

ಹುಡುಕಿದಾಗ ಮೊದಲು ಕಾಣುವ ಜಾಲತಾಣವೆಲ್ಲ ಸರ್ಕಾರದ್ದಲ್ಲ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡು ಎರಡು ಮೂರು ಪಟ್ಟು ವಸೂಲಿ ಮಾಡುವವರಿದ್ದಾರೆ. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಇನ್' ಇದ್ದರೆ ಮಾತ್ರ ಮುಂದುವರಿಯಿರಿ.

ಬಂದಿಳಿದ ಮೇಲೆ ಸಿಗುವ ವೀಸಾ

ಇದು ಕೆಲವರಿಗೆ ಮಾತ್ರ. ಜಪಾನ್, ದಕ್ಷಿಣ ಕೊರಿಯಾದವರಿಗೆ ಸಿಗುತ್ತದೆ. ಯುಎಇ ಪ್ರಜೆಗಳಿಗೂ ಸಿಗುತ್ತದೆ, ಆದರೆ ಅವರು ಹಿಂದೆ ಒಮ್ಮೆ ಭಾರತದ ವೀಸಾ ಪಡೆದಿರಬೇಕು. 60 ದಿನದ ಅವಧಿ, ಎರಡು ಸಲ ಒಳಬರಬಹುದು. ಬೆಂಗಳೂರಿನಲ್ಲೂ ಈ ಸೌಲಭ್ಯ ಇದೆ. ಇ-ವೀಸಾ ಸಿಗುವ ಹಾಗಿದ್ದರೆ ನಾನು ಅದನ್ನೇ ಮಾಡಿಸಿಕೊಂಡು ಬನ್ನಿ ಅನ್ನುತ್ತೇನೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು ಕೌಂಟರಿನಲ್ಲಿ ಫಾರಂ ತುಂಬುವುದು ಯಾರಿಗೆ ಬೇಕು? ನೇಪಾಳ, ಭೂತಾನದವರಿಗೆ ನೇರ ತಮ್ಮ ದೇಶದಿಂದ ಬಂದರೆ ವೀಸಾ ಬೇಡವೇ ಬೇಡ.

ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ: ಬಹಳ ದಿನ ಇರುವವರಿಗೆ

ಇದು ಹಳೆಯ ದಾರಿ. ಅರ್ಜಿ ಕೇಂದ್ರಕ್ಕೆ ಪಾಸ್‌ಪೋರ್ಟ್ ಕಳಿಸಬೇಕು, ವಾಪಸ್ ಬರುವವರೆಗೆ ಅದು ಕೈಯಲ್ಲಿರಲ್ಲ. ಖರ್ಚೂ ಜಾಸ್ತಿ, ಓಡಾಟವೂ ಜಾಸ್ತಿ. ಹಾಗಾದರೆ ಯಾರಿಗೆ ಬೇಕು? ಮೂರು ಬಗೆಯವರಿಗೆ. ಇ-ವೀಸಾ ಪಟ್ಟಿಯಲ್ಲಿ ಇಲ್ಲದ ದೇಶದವರಿಗೆ. ಇಲ್ಲಿ ಕೆಲಸಕ್ಕೆ ಸೇರುವವರಿಗೆ. ಮತ್ತೆ ನಮ್ಮ ಅತ್ತಿಗೆಯ ಮೊದಲ ದಿನಗಳಂತೆ, ಭಾರತ ಮೂಲದವರನ್ನು ಮದುವೆಯಾಗಿದ್ದು ಓಸಿಐಗೆ ಇನ್ನೂ ಅರ್ಹತೆ ಬರದೆ, ಆರು ತಿಂಗಳಿಗಿಂತ ಹೆಚ್ಚು ಇರಬೇಕಾದವರಿಗೆ.

ಈ ಮೂರನೆಯವರಿಗಾಗಿಯೇ 'ಎಂಟ್ರಿ ವೀಸಾ' ಇದೆ. ಎಕ್ಸ್ ವೀಸಾ ಅಂತಲೂ ಕರೆಯುತ್ತಾರೆ. ಐದು ವರ್ಷದವರೆಗೂ ಕೊಡುತ್ತಾರೆ. 180 ದಿನಕ್ಕಿಂತ ಹೆಚ್ಚು ಇರುವುದಾದರೆ ವಿದೇಶಿಯರ ಲೆಕ್ಕ ಇಡುವ ಎಫ್‌ಆರ್‌ಆರ್‌ಒ ಕಚೇರಿಯಲ್ಲಿ ನೋಂದಣಿ ಆಗಬೇಕು. ಆ ಕೆಲಸ ಈಗ ಹೆಚ್ಚಾಗಿ ಆನ್‌ಲೈನಿನಲ್ಲೇ ಮುಗಿಯುತ್ತದೆ. ವಿಳಾಸಕ್ಕೆ ಪುರಾವೆ ಕೇಳುತ್ತಾರೆ. ಬಾಡಿಗೆ ಕರಾರು ಮುಂಚೆಯೇ ಸರಿಯಾಗಿ ಮಾಡಿಸಿಟ್ಟುಕೊಳ್ಳಿ.

ಓಸಿಐ: ಬೇರು ಇಲ್ಲಿರುವವರಿಗೆ

ಹೆಸರಿನಲ್ಲಿ 'ಸಾಗರೋತ್ತರ ಭಾರತೀಯ ನಾಗರಿಕ' ಅಂತ ಇದ್ದರೂ ಇದು ಪೌರತ್ವ ಅಲ್ಲ. ಓಟು ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿ ಇಲ್ಲ. ಬದುಕಿರುವವರೆಗೂ ವೀಸಾ ಇಲ್ಲದೆ ಬಂದು ಹೋಗುವ ಹಕ್ಕು ಅಂತ ತಿಳಿದುಕೊಂಡರೆ ಸರಿ. 2005ರಲ್ಲಿ ಶುರುವಾಯಿತು. ಭಾರತ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಕಾರ್ಡನ್ನು 2015ರಲ್ಲಿ ಇದರೊಳಗೇ ಸೇರಿಸಿದರು.

ಒಂದು ಕಾಲಕ್ಕೆ ಭಾರತೀಯ ಪ್ರಜೆಯಾಗಿದ್ದವರು, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇದಕ್ಕೆ ಅರ್ಹರು. ಭಾರತೀಯರನ್ನೋ ಓಸಿಐ ಇರುವವರನ್ನೋ ಮದುವೆಯಾಗಿ, ನೋಂದಣಿ ಮಾಡಿಸಿ, ಎರಡು ವರ್ಷ ಕಳೆದ ವಿದೇಶಿ ಗಂಡ ಅಥವಾ ಹೆಂಡತಿಗೂ ಸಿಗುತ್ತದೆ. ವಿಚ್ಛೇದನವಾದರೆ ಆ ಕಾರ್ಡು ಹೋಗುತ್ತದೆ. ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಸಿಗುವುದಿಲ್ಲ.

ವಿದೇಶದಲ್ಲಿ ಅರ್ಜಿ ಹಾಕಿದರೆ ಫೀಸು 275 ಡಾಲರ್, ಭಾರತದಲ್ಲಿ ಹಾಕಿದರೆ 15,000 ರೂಪಾಯಿ. ಅರ್ಜಿ ಕೇಂದ್ರದ ಖರ್ಚು ಬೇರೆ. ಈಗ ದುಡ್ಡಿನ ಲೆಕ್ಕ ಹಾಕೋಣ. ನಾಲ್ಕು ಜನರ ಮನೆಗೆ ಓಸಿಐ ಅಂದರೆ 1,100 ಡಾಲರ್. ಅದೇ ನಾಲ್ವರಿಗೆ ಐದು ವರ್ಷದ ಇ-ವೀಸಾ ಅಂದರೆ 320 ಡಾಲರ್. ಇ-ವೀಸಾವನ್ನು ಮೂರು ಸಲ ಮಾಡಿಸಿದರೂ, ಅಂದರೆ ಹದಿನೈದು ವರ್ಷಕ್ಕೆ, 960 ಡಾಲರ್ ಆಗುತ್ತದೆ. ಓಸಿಐ ದುಡ್ಡು ಉಳಿಸುತ್ತೆ ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ. ವೀಸಾ ಫೀಸು ಒಂದನ್ನೇ ನೋಡಿದರೆ ಅದು ಗಿಟ್ಟಲು ಹದಿನೈದು ವರ್ಷದ ಮೇಲೆಯೇ ಬೇಕು.

ಹಾಗಾದರೂ ನಾನು ಓಸಿಐ ಪರ ಯಾಕೆ? 2019ರ ಒಂದು ರಾತ್ರಿ ನಮ್ಮಪ್ಪನಿಗೆ ಎದೆನೋವು ಬಂತು. ನಾನು ಅಣ್ಣನಿಗೆ ಫೋನ್ ಮಾಡಿದಾಗ ಅಲ್ಲಿ ಮಧ್ಯಾಹ್ನ. ಅವನ ಓಸಿಐ ಬೀರುವಿನಲ್ಲಿತ್ತು. ಅವತ್ತೇ ಸಂಜೆ ಹೊರಟ, ಅಪ್ಪ ಐಸಿಯುನಲ್ಲಿ ಕಣ್ಣು ಬಿಟ್ಟಾಗ ಪಕ್ಕದಲ್ಲಿದ್ದ. ಅತ್ತಿಗೆಯ ವೀಸಾ ಎರಡು ತಿಂಗಳ ಹಿಂದೆಯೇ ಮುಗಿದಿತ್ತು, ಅವರು ಬರಲಾಗಲಿಲ್ಲ. ಕಾನ್ಸುಲೇಟಿನಲ್ಲಿ ತುರ್ತು ವೀಸಾ ಕೊಡುತ್ತಾರೆ ನಿಜ. ಆದರೆ ಆಸ್ಪತ್ರೆಯ ಪತ್ರ ತರಿಸಿಕೊಂಡು ಸಾಲಿನಲ್ಲಿ ನಿಲ್ಲುವ ಸ್ಥಿತಿಯಲ್ಲಿ ಆ ಹೊತ್ತು ಯಾರಿರುತ್ತಾರೆ? ಆ ಒಂದು ದಿನಕ್ಕೆ ನಾನು 275 ಡಾಲರ್ ಕೊಡುತ್ತೇನೆ.

ಉಳಿದ ಅನುಕೂಲಗಳೂ ಸಣ್ಣವಲ್ಲ. ಎಷ್ಟು ದಿನ ಬೇಕಾದರೂ ಇರಬಹುದು, ಎಫ್‌ಆರ್‌ಆರ್‌ಒ ನೋಂದಣಿ ಬೇಡ. ಕೆಲಸ ಮಾಡಬಹುದು. ಮನೆ, ಸೈಟು ಕೊಳ್ಳಬಹುದು. ಬೆಂಗಳೂರಿನ ನಿಲ್ದಾಣದಲ್ಲಿ 2025ರ ಜನವರಿಯಿಂದ ಇರುವ ಇ-ಗೇಟಿಗೆ ಮೊದಲೇ ಹೆಸರು ನೋಂದಾಯಿಸಿಕೊಂಡರೆ ಸಾಲು ನಿಲ್ಲುವುದೂ ತಪ್ಪುತ್ತದೆ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ವಿದೇಶಿಯರಿಗೆ 600 ರೂಪಾಯಿ ಟಿಕೆಟ್, ನಮಗೆ 40. ಓಸಿಐ ಇದ್ದವರಿಗೂ ನಮ್ಮ ದರವೇ.

ಜಮೀನಿನ ವಿಷಯವನ್ನು ಮಾತ್ರ ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ 2020ರಲ್ಲಿ ಕಾಯ್ದೆ ಬದಲಾಗಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಅದನ್ನು ಕೇಳಿ ಓಸಿಐ ಇರುವ ಕೆಲವರು ಸಕಲೇಶಪುರದ ಕಡೆ ತೋಟ ಹುಡುಕಲು ಹೊರಟಿದ್ದರು. ಆಗಲ್ಲ. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಇವನ್ನು ಓಸಿಐ ಇರುವವರು ಕೊಳ್ಳಲು ವಿದೇಶಿ ವಿನಿಮಯದ ಕಾನೂನು ಬಿಡುವುದಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬರುವ ಗದ್ದೆ, ತೋಟಕ್ಕೆ ತೊಂದರೆ ಇಲ್ಲ.

ಮಕ್ಕಳನ್ನು ಇಲ್ಲಿ ಓದಿಸುವ ಯೋಚನೆ ಇದ್ದರೆ ಇನ್ನೊಂದು ಮಾತು. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ನೀಟ್, ಜೆಇಇ ಸೀಟುಗಳಲ್ಲಿ ಓಸಿಐ ಮಕ್ಕಳಿಗೆ ಎನ್‌ಆರ್‌ಐ ಕೋಟಾ ಅಥವಾ ಹೆಚ್ಚುವರಿ (ಸೂಪರ್ ನ್ಯೂಮರರಿ) ಸೀಟು ಮಾತ್ರ. ಅದಕ್ಕೂ ಹಿಂದಿನ ಕಾರ್ಡುದಾರರ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ವಾಪಸ್ ಬಂದು ನೆಲೆಸುವವರು ಎನ್‌ಆರ್‌ಐ ಸೀಟಿನ ಫೀಸನ್ನು ಲೆಕ್ಕಕ್ಕೆ ಹಿಡಿದುಕೊಂಡೇ ತೀರ್ಮಾನಿಸಿ. ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣಕ್ಕೆ ಓಸಿಐ ಇದ್ದರೂ ಪ್ರತ್ಯೇಕ ಅನುಮತಿ ಬೇಕು.

ಓಸಿಐನ ದೊಡ್ಡ ತೊಡಕು ಸಮಯ. ವಾರಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ಎರಡು ಮೂರು ತಿಂಗಳೂ ಆಗುತ್ತದೆ. ವಿದೇಶಿ ಸಂಗಾತಿಯ ಅರ್ಜಿಗೆ ಪರಿಶೀಲನೆ ಇನ್ನೂ ಜಾಸ್ತಿ. ಟಿಕೆಟ್ ಬುಕ್ ಮಾಡಿಕೊಂಡು ಅರ್ಜಿ ಹಾಕಬೇಡಿ. ಒಮ್ಮೆ ಬಂದ ಮೇಲೆ ನೆನಪಿಡಬೇಕಾದ್ದು ಕಡಿಮೆ. 20 ವರ್ಷ ತುಂಬುವ ಮೊದಲು ಮಾಡಿಸಿದ್ದರೆ, 20ರ ನಂತರ ಬರುವ ಹೊಸ ಪಾಸ್‌ಪೋರ್ಟಿಗೆ ಒಂದು ಸಲ ಕಾರ್ಡು ಬದಲಿಸಬೇಕು. ಅಲ್ಲಿಯವರೆಗೆ ಪ್ರತಿ ಹೊಸ ಪಾಸ್‌ಪೋರ್ಟ್ ಬಂದಾಗ, ಮತ್ತೆ 50 ತುಂಬಿದ ಮೇಲೆ ಒಂದು ಸಲ, ಪಾಸ್‌ಪೋರ್ಟು ಮತ್ತು ಫೋಟೊವನ್ನು ಮೂರು ತಿಂಗಳೊಳಗೆ ಜಾಲತಾಣದಲ್ಲಿ ಹಾಕಬೇಕು. ಅದಕ್ಕೆ ಫೀಸಿಲ್ಲ.

ಹಾಗಾದರೆ ನಿಮಗೆ ಯಾವುದು?

ಅಪ್ಪ ಅಮ್ಮ ಇಲ್ಲಿದ್ದಾರೆ, ನೀವು ವಿದೇಶಿ ಪೌರರು: ಓಸಿಐ. ಈ ವರ್ಷವೇ ಮಾಡಿಸಿ, ಬೇರೆ ಖರ್ಚು ಮುಂದೂಡಿ. ಇಡೀ ಮನೆಗೆ ಒಟ್ಟಿಗೆ ಕಟ್ಟುವುದು ಭಾರ ಅನ್ನಿಸಿದರೆ ಮೊದಲು ನಿಮಗೆ ಮಾತ್ರ ಮಾಡಿಸಿ, ಮಕ್ಕಳಿಗೆ ಸದ್ಯ ಐದು ವರ್ಷದ ಇ-ವೀಸಾ ಇರಲಿ. ಆಗ 1,100ರ ಜಾಗದಲ್ಲಿ ಗಂಡ ಹೆಂಡತಿಗೆ 550, ಇಬ್ಬರು ಮಕ್ಕಳಿಗೆ 160, ಒಟ್ಟು 710 ಡಾಲರಿಗೆ ಮುಗಿಯುತ್ತದೆ.

ಹಸುಗೂಸಿನ ನಾಮಕರಣಕ್ಕೆ ಮುಂದಿನ ತಿಂಗಳೇ ಬರಬೇಕು: ಈಗ ಇ-ವೀಸಾ, ವಾಪಸ್ ಹೋದ ಮೇಲೆ ನಿಧಾನವಾಗಿ ಓಸಿಐ. ನಾಲ್ಕೈದು ವರ್ಷಕ್ಕೊಮ್ಮೆ ಮೂರು ವಾರ ಬರುವವರು, ಇಲ್ಲಿ ಹತ್ತಿರದವರು ಯಾರೂ ಉಳಿದಿಲ್ಲ: 30 ದಿನದ ಇ-ವೀಸಾನೇ ಸಾಕು. ಹೊಸದಾಗಿ ಮದುವೆಯಾದ ವಿದೇಶಿ ಸೊಸೆ ಅಥವಾ ಅಳಿಯ: ಎರಡು ವರ್ಷ ತುಂಬುವವರೆಗೆ ಐದು ವರ್ಷದ ಇ-ವೀಸಾ, ಬಹಳ ದಿನ ಇರುವುದಾದರೆ ಎಂಟ್ರಿ ವೀಸಾ. ಮದುವೆ ನೋಂದಣಿಯನ್ನು ಮಾತ್ರ ತಡ ಮಾಡಬೇಡಿ, ಎರಡು ವರ್ಷದ ಲೆಕ್ಕಕ್ಕೆ ಅದೇ ಆಧಾರ. ನಿವೃತ್ತಿಯಾಗಿ ವರ್ಷದಲ್ಲಿ ಎಂಟು ತಿಂಗಳು ಇಲ್ಲೇ ಇರುವ ಆಸೆಯವರಿಗೆ ಓಸಿಐ ಬಿಟ್ಟು ಬೇರೆ ಯಾವುದನ್ನೂ ನಾನು ಹೇಳಲ್ಲ. ಯೋಗಕ್ಕೋ ಪ್ರವಾಸಕ್ಕೋ ಬರುವ ಗೆಳೆಯರಿಗೆ ವರ್ಷದ ಇ-ವೀಸಾ ಒಳ್ಳೆಯದು. ಮೈಸೂರಿಗೆ ಬಂದವರು ಇನ್ನೊಂದು ವಾರ, ಇನ್ನೊಂದು ವಾರ ಅಂತ ಉಳಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, 30 ದಿನದ ವೀಸಾ ಅವರಿಗೆ ಯಾವತ್ತೂ ಸಾಲುವುದಿಲ್ಲ.

ಯಾವ ವೀಸಾದಲ್ಲಿ ಬಂದರೂ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ, ಎರಡು ಖಾಲಿ ಪುಟ ಇರಲಿ. 2025ರ ಅಕ್ಟೋಬರ್‌ನಿಂದ ವಿದೇಶಿಯರು ಬಂದಿಳಿಯುವ ಮುಂಚಿನ 72 ಗಂಟೆಯೊಳಗೆ ಇ-ಅರೈವಲ್ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ದುಡ್ಡು ಕೇಳಿದರೆ ಆ ಜಾಲತಾಣ ನಕಲಿ. ಕೆನ್ಯಾ, ಉಗಾಂಡಾದಂಥ ದೇಶಗಳಿಂದ ಬರುವವರಿಗೆ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಬೇಕೇ ಬೇಕು. ಲಸಿಕೆಯನ್ನು ಹತ್ತು ದಿನ ಮೊದಲೇ ಹಾಕಿಸಿರಬೇಕು, ಇಲ್ಲದಿದ್ದರೆ ನಿಲ್ದಾಣದಿಂದಲೇ ಕ್ವಾರಂಟೈನಿಗೆ ಕರೆದೊಯ್ಯುತ್ತಾರೆ. ಇಲ್ಲಿ ವಿದೇಶಿಯರನ್ನು ಮನೆಯಲ್ಲಿ ಇಳಿಸಿಕೊಳ್ಳುವವರಿಗೂ ಕೆಲಸ ಇದೆ. ಬಂದ 24 ಗಂಟೆಯೊಳಗೆ 'ಫಾರಂ ಸಿ' ಅಂತ ಎಲ್ಲರೂ ಕರೆಯುವ ಮಾಹಿತಿಯನ್ನು ಆನ್‌ಲೈನಿನಲ್ಲಿ ಕೊಡಬೇಕು. ನಾನು ಅತಿಥಿಗೆ ಕಾಫಿ ಕೊಟ್ಟು, ಅವರು ಕುಡಿಯುವಷ್ಟರಲ್ಲಿ ಅದನ್ನು ತುಂಬಿಬಿಡುತ್ತೇನೆ.

ಅಣ್ಣನ ಮನೆಯಲ್ಲಿ ಈಗ ಎಲ್ಲರದ್ದೂ ಓಸಿಐ ಆಗಿದೆ. ಮದುವೆಯ ಆ ಗಲಾಟೆಯ ನಂತರ ಅತ್ತಿಗೆಯೇ ಕೂತು ಅರ್ಜಿ ತುಂಬಿದರು. ಚಿಕ್ಕವನದ್ದು ಮಾಡಿಸುವಾಗ ಅವನಿಗೆ ಮೂರು ತಿಂಗಳು. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಬೇಕಿತ್ತು. ಎಚ್ಚರವಿದ್ದಾಗ ಮುಷ್ಟಿ ಬಿಡಿಸಲೇ ಇಲ್ಲ. ಹಾಲು ಕುಡಿದು ನಿದ್ದೆ ಹೋದ ಮೇಲೆ, ಅಣ್ಣ ಮೆತ್ತಗೆ ಒಂದೊಂದೇ ಬೆರಳು ಬಿಡಿಸಿದ, ಅತ್ತಿಗೆ ಶಾಯಿ ಹಚ್ಚಿದರು, ನಾನು ವಿಡಿಯೊ ಕಾಲಿನಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಮೊದಲೆರಡು ಗುರುತು ಡಬ್ಬಿಯ ಗೆರೆ ದಾಟಿದವು. ಮೂರನೆಯದು ಸರಿಯಾಗಿ ಒಳಗೆ ಕೂತಿತು.